ಬಲಿಮೂರ್ತಿಯ ಹುಡುಕಾಟ: ಅಗೆಯುವ ಮುನ್ನ ಬರೆದಿಡಬೇಕಾದುದು

ಕುಂಬಳೆ, 17 ನವೆಂಬರ್ 2024, ಭಾನುವಾರ

ಕುಟುಂಬದ ದೇವಸ್ಥಾನದಿಂದ ಅಜ್ಜನ ಕಾಲಕ್ಕೂ ಮೊದಲೇ ಕಾಣೆಯಾದ ಬಲಿಮೂರ್ತಿಯನ್ನು (ಬಲಿಯ ವೇಳೆ ಹೊತ್ತು ಸುತ್ತು ಬರುವ ಮೂರ್ತಿ) ಹುಡುಕುವುದಕ್ಕಾಗಿ ಇಂದು ಅಷ್ಟಮಂಗಲ ಪ್ರಶ್ನೆ, ಅಂದರೆ ಕವಡೆ ಎಣಿಸಿ ಜ್ಯೋತಿಷ್ಯದ ಮೂಲಕ ಉತ್ತರ ಕಾಣುವ ಕ್ರಮ, ಇರಿಸಲಾಗಿತ್ತು. ಪುಟ್ಟ ಹುಡುಗಿಯೊಬ್ಬಳು ಹೂವಿನೊಂದಿಗೆ ಚಿನ್ನದ ತುಂಡನ್ನು ರಾಶಿಚಕ್ರದ ಮೇಲಿಟ್ಟಳು. ಅದು ನಿಂತ ರಾಶಿಯನ್ನು ಆರೂಢವೆಂದು, ಎಂದರೆ ಲೆಕ್ಕಕ್ಕೆ ಆಧಾರವಾದ ರಾಶಿಯೆಂದು ಹಿಡಿದು, 108 ಕವಡೆಗಳನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನಿಂದಲೂ ಎಂಟೆಂಟಾಗಿ ಕಳೆದು ಉಳಿದವನ್ನು ಎಣಿಸಿ, ದೈವಜ್ಞರು ಚಿಂತನೆಗೆ ತೊಡಗಿದರು. ಈ ಕ್ರಮಕ್ಕೆ ಆಧಾರವಾದ ‘ಪ್ರಶ್ನಮಾರ್ಗ’ವು ಹದಿನೇಳನೆಯ ಶತಮಾನದಲ್ಲಿ ಕೇರಳದಲ್ಲೇ ಹುಟ್ಟಿದ ಗ್ರಂಥ. ಕವಡೆ, ಗ್ರಹಗಳಷ್ಟೇ ಅಲ್ಲ, ಆ ಹೊತ್ತಿಗೆ ಕಿವಿಗೆ ಬಿದ್ದ ಶಬ್ದವೂ ಕೇಳಲು ಬಂದವನ ನಡೆಯೂ ಅದಕ್ಕೆ ನಿಮಿತ್ತವೇ, ಅಂದರೆ ಸೂಚನೆಯೇ.

ಮೂರ್ತಿಯು ಈಶಾನ್ಯದಲ್ಲಿ, ನೀರಿನ ಸಮೀಪ, ಮಣ್ಣಿನಡಿಯಲ್ಲಿದೆ ಎಂದು ಕಂಡುಬಂತು. ಅದನ್ನು ಕೇಳಿದೊಡನೆ ದೊಡ್ಡಮ್ಮ, ಈಗಿನ ಕಂಗಿನ ತೋಟದ ಅಂಚಿನಲ್ಲಿ ಮುಚ್ಚಿಹೋದ ಕೆರೆಯೊಂದಿತ್ತು, ಅದಕ್ಕೆ ಮುರಕಲ್ಲಿನ ಮೆಟ್ಟಿಲುಗಳಿದ್ದವು ಎಂದರು. ಈ ಮಾತನ್ನು ನಾವು ಯಾರೂ ಅವರಲ್ಲಿ ಕೇಳಿಯೇ ಇರಲಿಲ್ಲ. ಚದುರಿಹೋದ ನೆನಪುಗಳನ್ನು ಹೀಗೆ ಒಂದೇ ಚಾವಡಿಗೆ ಕರೆತರುವುದು ಪ್ರಶ್ನೆಯ ದೊಡ್ಡ ಉಪಕಾರವೆಂದು ನಾನು ನಂಬಿದ್ದೇನೆ.

ಆದರೆ ಕಂಡದ್ದು ಯಾವುದು, ಮೊದಲೇ ತಿಳಿದಿದ್ದುದು ಯಾವುದು ಎಂಬುದನ್ನು ಬೇರ್ಪಡಿಸಬೇಕು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಮಠದ ಅವಶೇಷಗಳಲ್ಲಿ 1908ರಿಂದ ಉತ್ಖನನ ನಡೆಸಿದ ವಾಸ್ತುಶಿಲ್ಪಿ ಫ್ರೆಡರಿಕ್ ಬ್ಲೈ ಬಾಂಡ್, ಗೆಳೆಯನ ಕೈ ತಾನಾಗಿ ಬರೆದ ಬರಹಗಳ ಮೂಲಕ ಗತಿಸಿದ ಸನ್ಯಾಸಿಗಳೇ ಜಾಗ ತೋರಿಸಿದರೆಂದು ನಂಬಿದ್ದರು. ಅಲ್ಲಿದ್ದ ಎಡ್ಗರ್ ಚಾಪೆಲ್ ಎಂಬ ಪ್ರಾರ್ಥನಾಮಂದಿರದ ಅಡಿಪಾಯ ಸಿಕ್ಕಿತೆಂದು ಅವರು ಸಾರಿದರು. 1918ರಲ್ಲಿ ಬರಹಗಳ ಸಂಗತಿಯನ್ನು ಪ್ರಕಟಿಸಿದ ಮೇಲೆ ಚರ್ಚಿನ ಮುನಿಸಿಗೆ ಗುರಿಯಾಗಿ ಹುದ್ದೆಯನ್ನೂ ಕಳೆದುಕೊಂಡರು. ಆದರೆ ಆ ಚಾಪೆಲ್ ಮಠದ ಚರ್ಚಿನ ಪೂರ್ವ ತುದಿಯಲ್ಲಿತ್ತೆಂದು ಹದಿನಾರನೆಯ ಶತಮಾನದಲ್ಲೇ ಪುರಾತನ ವಿಷಯಗಳ ವಿದ್ವಾಂಸ ಜಾನ್ ಲೇಲಂಡ್ ಬರೆದಿಟ್ಟಿದ್ದ. ಬಾಂಡ್ ಮೋಸಗಾರರಲ್ಲ; ಓದಿ ಮರೆತದ್ದೂ ದರ್ಶನವಾಗಿ ಬರಬಹುದು.

ಹೀಗಾಗಿ ರಾತ್ರಿಯೇ ಚಿಂತನೆಯಲ್ಲಿ ಬಂದ ಮಾತುಗಳನ್ನು ಒಂದು ಹಾಳೆಯಲ್ಲಿಯೂ, ದೊಡ್ಡಮ್ಮನ ಮಾತುಗಳನ್ನು ಇನ್ನೊಂದರಲ್ಲಿಯೂ ಬರೆದು, ಹಿರಿಯರ ಸಹಿ ಹಾಕಿಸಿದೆ. ನೆಲದಡಿಯ ನಿಧಿಗೆ ಕೇರಳದಲ್ಲಿ 1968ರ ಕಾಯ್ದೆಯಿರುವುದರಿಂದ ಕಲೆಕ್ಟರರ ಕಚೇರಿಗೆ ತಿಳಿಸದೆ ಹಾರೆ ಮುಟ್ಟಬಾರದೆಂದೂ ಹೇಳಿದ್ದೇನೆ. ಜೆಸಿಬಿ ತರಿಸುವ ಮಾತು ಬಂದಾಗ ನಾನು ಖಡಾಖಂಡಿತವಾಗಿ ಬೇಡವೆಂದೆ. ಮೂರ್ತಿ ಸಿಕ್ಕಿದರೂ ಭಕ್ತಿಯಿಂದ ಹುಣಸೆಹುಳಿ ಹಚ್ಚಿ ಉಜ್ಜುವುದು ಬೇಡ. ಅದರ ಮೇಲಿನ ಹಸಿರು ಕಿಲುಬೂ ಅಂಟಿದ ಮಣ್ಣೂ ತಿಳಿದವರು ನೋಡುವ ತನಕ ಹಾಗೆಯೇ ಇರಲಿ.