ಡಿಸೆಂಬರ್ ಸೆಟ್ಟಿಂಗ್ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ

ಕಲಬುರಗಿ
27 ಏಪ್ರಿಲ್ 2025, ಭಾನುವಾರ

ಇವತ್ತಿನ ರಜೆ ಪೂರ್ತಿ ತಮ್ಮನ ಕಂಪ್ಯೂಟರ್ ಮುಂದೆಯೇ ಹೋಯಿತು. ಬುಧವಾರ ಬಸವ ಜಯಂತಿ, ಅವತ್ತೇ ಅಕ್ಷಯ ತೃತೀಯ. ಅವನಿಗೆ ಮದುವೆ ಶೂಟಿಂಗ್ ಇದೆ. ಅಷ್ಟರೊಳಗೆ ಹಿಂದಿನ ಮದುವೆಗಳ ವಿಡಿಯೊ ಕೊಟ್ಟು ಮುಗಿಸಬೇಕು. ಆದರೆ ಎಕ್ಸ್‌ಪೋರ್ಟ್ (ಎಡಿಟ್ ಆದ ವಿಡಿಯೊವನ್ನು ಒಂದು ಫೈಲ್ ಮಾಡಿ ಹೊರತೆಗೆಯುವುದು) ಹಾಕಿದರೆ ಮುಗಿಯುತ್ತಲೇ ಇಲ್ಲ. ಚಳಿಗಾಲದಲ್ಲಿ ಇದೇ ಮಷೀನ್, ಇದೇ ಸಾಫ್ಟ್‌ವೇರ್ ಎಷ್ಟು ಜೋರಾಗಿ ಓಡುತ್ತಿದ್ದವು!

"ಅಣ್ಣಾ, ಡಿಸೆಂಬರ್‌ದಾಗ ಚಲೋ ಇತ್ತು. ಈಗ ಯಾಕ ಹಿಂಗ ಮಾಡ್ಲತ್ತದ? ವೈರಸ್ ಏನರ ಬಂದದೇನು?" ಎಂದು ಕೇಳಿದ.

ವೈರಸ್ ಏನೂ ಇಲ್ಲ, ಇದು ಬಿಸಿಲಿನ ಕೆಲಸ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಹಾಗಾಗಿ ಅಂಕಿ ತೋರಿಸಿಯೇ ಹೇಳೋಣ ಎಂದು ಕೂತೆ.

ಅವನದು ಎಎಂಡಿ ರೈಜೆನ್ 7 5800ಎಕ್ಸ್. 2020ರ ನವೆಂಬರ್‌ನಲ್ಲಿ ಬಂದ ಪ್ರೊಸೆಸರ್. 8 ಕೋರ್ (ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). ಮೂಲ ವೇಗ 3.8 ಗಿಗಾಹರ್ಟ್ಜ್, ಬೂಸ್ಟ್, ಅಂದರೆ ಗರಿಷ್ಠ ವೇಗ, 4.7. ಇದು ಬಿಸಿಯಾಗುವುದಕ್ಕೆ ಹೆಸರಾದ ಚಿಪ್. ಕಾರಣವೂ ಸರಳ. ಇದೇ ಸರಣಿಯ 12 ಕೋರಿನ 5900ಎಕ್ಸ್‌ನಲ್ಲಿ ಕೋರ್‌ಗಳು ಎರಡು ತುಂಡುಗಳಲ್ಲಿ ಹಂಚಿಕೊಂಡಿವೆ. ಇದರಲ್ಲಿ ಎಂಟೂ ಕೋರ್ ಸುಮಾರು 80 ಚದರ ಮಿಲಿಮೀಟರ್‌ನ ಒಂದೇ ತುಂಡಿನಲ್ಲಿವೆ. ಎರಡೂ ಪ್ರೊಸೆಸರ್‌ಗೆ ವಿದ್ಯುತ್ತಿನ ಮಿತಿ ಒಂದೇ, 142 ವ್ಯಾಟ್. ಅಷ್ಟು ಸಣ್ಣ ಜಾಗದಿಂದ ಅಷ್ಟೊಂದು ಶಾಖವನ್ನು ಹೊರಗೆ ಎಳೆಯಬೇಕು ಅಂದರೆ ಎಂಥ ಒಳ್ಳೆ ಹೀಟ್‌ಸಿಂಕ್ (ಚಿಪ್ ಮೇಲೆ ಕೂತು ಶಾಖ ಹೊರಹಾಕುವ ಲೋಹದ ಭಾಗ) ಹಾಕಿದರೂ ಕಷ್ಟ.

ಡಿಸೆಂಬರ್‌ನಲ್ಲಿ ಅವನು ಬಯೋಸ್‌ಗೆ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್ ಇರುವ ಜಾಗ) ಹೋಗಿ ಪಿಬಿಒ (ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್) ಆನ್ ಮಾಡಿದ್ದ. ಅಂದರೆ ಎಎಂಡಿ ಹಾಕಿದ ವ್ಯಾಟ್ ಮಿತಿಯನ್ನು ತೆಗೆದು, ಮದರ್‌ಬೋರ್ಡ್ ಎಷ್ಟು ಕೊಟ್ಟರೆ ಅಷ್ಟು ಎಂದು ಬಿಡುವುದು. ಆಗ ತಾಪಮಾನ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್‌ನಲ್ಲಿ ತೆಗೆದ ಲಾಗ್ ಫೈಲ್ ಇನ್ನೂ ಇತ್ತು, ಪುಣ್ಯ. ಎಕ್ಸ್‌ಪೋರ್ಟ್ ಹೊತ್ತಿನಲ್ಲಿ 150 ವ್ಯಾಟ್, 80 ಡಿಗ್ರಿ, ಎಲ್ಲ ಕೋರ್ 4.6ರ ಹತ್ತಿರ. ಆಗ ಕೋಣೆ 24 ಡಿಗ್ರಿ ಇತ್ತು.

ನಾನು ಅವನಿಗೆ ಹೇಳಿದ್ದು ಇಷ್ಟು. 80 ಅನ್ನುವ ಅಂಕಿಯನ್ನು ಬಿಡು. 80ರಲ್ಲಿ 24 ಕಳೆ. 56 ಉಳಿಯುತ್ತದೆ. ಆ 56 ಮಾತ್ರ ನಿನ್ನ ಪ್ರೊಸೆಸರ್ ಮತ್ತು ಹೀಟ್‌ಸಿಂಕ್‌ನ ಲೆಕ್ಕ. ಉಳಿದದ್ದು ಊರಿನ ಲೆಕ್ಕ. ಈಗ ಕೋಣೆಯಲ್ಲಿ 36 ಡಿಗ್ರಿ ಇದೆ. 36ಕ್ಕೆ 56 ಕೂಡಿಸಿದರೆ 92. ಆದರೆ ಈ ಚಿಪ್‌ನ ಮಿತಿಯೇ 90. ಅದನ್ನು ಮುಟ್ಟಿದ ತಕ್ಷಣ ಪ್ರೊಸೆಸರ್ ತಾನಾಗಿಯೇ ವೋಲ್ಟೇಜ್ ಮತ್ತು ವೇಗ ಇಳಿಸಿಕೊಳ್ಳುತ್ತದೆ. ಸುಟ್ಟುಹೋಗುವುದಿಲ್ಲ, ನಿಧಾನ ಆಗುತ್ತದೆ. ಎಕ್ಸ್‌ಪೋರ್ಟ್ ಹಾಕಿ ನೋಡಿದೆವು. ಸರಿಯಾಗಿ 90ಕ್ಕೆ ಹೋಗಿ ಅಂಟಿಕೊಂಡಿತು. ವೇಗ 4.3ಕ್ಕೂ 4.4ಕ್ಕೂ ನಡುವೆ ಏರಿಳಿಯುತ್ತಿತ್ತು.

ಈ ಕಳೆಯುವ ಲೆಕ್ಕವನ್ನು ನಮ್ಮ ಭಾಗದವರು ಎಲ್ಲಕ್ಕಿಂತ ಮೊದಲು ಕಲಿಯಬೇಕು ಅಂತ ನನಗೆ ಅನಿಸುತ್ತದೆ. ಯೂಟ್ಯೂಬ್‌ನಲ್ಲಿ ಹೀಟ್‌ಸಿಂಕ್ ಪರೀಕ್ಷೆ ಮಾಡುವವರು ಬಹಳಷ್ಟು ಮಂದಿ 20ರಿಂದ 25 ಡಿಗ್ರಿಯ ಎಸಿ ಕೋಣೆಯಲ್ಲಿ ಕೂತಿರುತ್ತಾರೆ. ಅವರ 75 ಅಂದರೆ ಏಪ್ರಿಲ್‌ನ ಕಲಬುರಗಿಯಲ್ಲಿ 87, 88. ಕೋಣೆ ಎಷ್ಟಿತ್ತು ಎಂದು ಹೇಳದೆ ಕೊಟ್ಟ ತಾಪಮಾನದಿಂದ ನಮಗೆ ಏನೂ ಉಪಯೋಗ ಇಲ್ಲ. ಒಂದು ಸಣ್ಣ ಥರ್ಮಾಮೀಟರ್ ತಂದು ಕ್ಯಾಬಿನೆಟ್‌ಗೆ ಗಾಳಿ ಒಳಗೆ ಹೋಗುವ ಕಡೆ ಇಡಿ. ಸಾಫ್ಟ್‌ವೇರ್‌ನಷ್ಟೇ ಅದೂ ಬೇಕು.

"ಹಂಗಾದ್ರ ವಾಟರ್ ಕೂಲಿಂಗ್ ಹಾಕ್ಸೋಣೇನು?" ಎಂದ ತಮ್ಮ. ದುಡ್ಡು ಖರ್ಚು ಮಾಡುವ ಮೊದಲು ಒಂದು ಮಾತು ತಿಳಿದಿರಬೇಕು. ಪೈಪಿನೊಳಗೆ ನೀರು ಹರಿದರೂ ಆ ಶಾಖ ಕೊನೆಗೆ ರೇಡಿಯೇಟರ್ ಮೂಲಕ ಕೋಣೆಯ ಗಾಳಿಗೇ ಹೋಗಬೇಕು. ಕೋಣೆ 36 ಇದ್ದರೆ ನೀರು 36ಕ್ಕಿಂತ ತಣ್ಣಗಾಗುವುದಿಲ್ಲ. ಆ 56 ಒಂದಿಷ್ಟು ಕಡಿಮೆ ಆಗಬಹುದು, ಅಷ್ಟೇ. ಕೋಣೆಗಿಂತ ತಣ್ಣಗೆ ಮಾಡಬೇಕಾದರೆ ದಾರಿಯೇ ಬೇರೆ. 2022ರ ಡಿಸೆಂಬರ್‌ನಲ್ಲಿ ಇಂಟೆಲ್‌ನ 13900ಕೆ ಪ್ರೊಸೆಸರ್ ಮೊದಲ ಬಾರಿಗೆ 9 ಗಿಗಾಹರ್ಟ್ಜ್ ದಾಟಿದ್ದು ದ್ರವ ಹೀಲಿಯಂ ಸುರಿದು. ಅದು ದಾಖಲೆ ಮಾಡುವವರ ಕೆಲಸ. ದಿನಾ ಎಂಟು ತಾಸು ಎಡಿಟಿಂಗ್ ಮಾಡುವವನಿಗೆ ಅಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಕ್ಯಾಬಿನೆಟ್ ಬಿಚ್ಚಿದೆವು. ನಮ್ಮ ಎರೆ ಭೂಮಿಯ ಧೂಳು ಎಷ್ಟು ನಯ ಅಂತ ಗೊತ್ತಲ್ವಾ? ಬೇಸಿಗೆ ಗಾಳಿಗೆ ಎಲ್ಲೆಂದರಲ್ಲಿ ನುಗ್ಗುತ್ತದೆ. ಮುಂದಿನ ಜಾಳಿಗೆ ಅರ್ಧ ಮುಚ್ಚಿಹೋಗಿತ್ತು. ಬ್ಲೋವರ್‌ನಿಂದ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಬ್ಲೋವರ್ ಗಾಳಿಗೆ ಅದು ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಹೀಟ್‌ಸಿಂಕ್ ತೆಗೆಯುವಾಗ ಇನ್ನೊಂದು ಎಚ್ಚರ. ತಮ್ಮನದರಂಥ ಎಎಂ4 ಸಾಕೆಟ್‌ನ (ಚಿಪ್ ಕೂರುವ ಜಾಗ) ಪ್ರೊಸೆಸರ್‌ಗಳಲ್ಲಿ ಪಿನ್ ಇರುವುದು ಚಿಪ್‌ನ ಕೆಳಗೆ, ಸಾಕೆಟ್‌ನಲ್ಲಿ ಅಲ್ಲ. ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಹಚ್ಚಿದ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಗಟ್ಟಿಯಾಗಿದ್ದರೆ, ನೇರವಾಗಿ ಮೇಲೆ ಎಳೆದಾಗ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರುತ್ತದೆ. ಪಿನ್ ಬಾಗಿದರೆ ಕಥೆ ಮುಗಿಯಿತು. ಅದಕ್ಕೇ ಮೊದಲು ಮಷೀನ್ ಹತ್ತು ನಿಮಿಷ ಓಡಿಸಿ ಬಿಸಿ ಮಾಡಬೇಕು. ಆಮೇಲೆ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಹೀಟ್‌ಸಿಂಕನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಬೇಕು. ತಾನೇ ಸಡಿಲ ಆಗುತ್ತದೆ. ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ನಡುವೆ ಒಂದು ತೊಗರಿ ಕಾಳಿನಷ್ಟು ಇಟ್ಟರೆ ಬೇಕಾದಷ್ಟಾಯಿತು. ಹೀಟ್‌ಸಿಂಕ್ ಒತ್ತಿದಾಗ ಅದೇ ಹರಡಿಕೊಳ್ಳುತ್ತದೆ.

ಇದಾದ ಮೇಲೆ ಪಿಬಿಒ ಆಫ್ ಮಾಡಿ, ಎಎಂಡಿಯ 142 ವ್ಯಾಟ್ ಮಿತಿಯಲ್ಲೇ ಪ್ರೈಮ್95 (ಪ್ರೊಸೆಸರ್‌ಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಸಾಫ್ಟ್‌ವೇರ್) ಓಡಿಸಿದೆವು. 89 ಡಿಗ್ರಿ. ಅಂದರೆ ಕಂಪನಿ ಕೊಟ್ಟ ಸೆಟ್ಟಿಂಗ್ ಕೂಡ ಈ ಕೋಣೆಯಲ್ಲಿ ಮಿತಿಯ ಅಂಚಿನಲ್ಲೇ ಇದೆ. ಓವರ್‌ಕ್ಲಾಕ್‌ಗೆ, ಅಂದರೆ ಕಂಪನಿ ಮಿತಿ ಮೀರಿ ಓಡಿಸುವುದಕ್ಕೆ, ಜಾಗವೇ ಉಳಿದಿಲ್ಲ.

ಹಾಗಾದರೆ ವೇಗ ಎಲ್ಲಿಂದ ತರಬೇಕು? ವೋಲ್ಟೇಜ್ ಇಳಿಸುವುದರಿಂದ. ಹೊಸಬರಿಗೆ ಇದು ಉಲ್ಟಾ ಅನಿಸುತ್ತದೆ. ಚಿಪ್ ಎಳೆಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ವೋಲ್ಟೇಜ್‌ನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ. ಒಂದು ಉದಾಹರಣೆ ಹಾಕಿ ನೋಡಿ. 4.5 ಗಿಗಾಹರ್ಟ್ಜ್ 1.2 ವೋಲ್ಟ್‌ನಲ್ಲಿ ನಡೆಯುತ್ತಿದೆ ಅಂದುಕೊಳ್ಳಿ. 4.7 ಬೇಕು ಎಂದು 1.3 ವೋಲ್ಟ್ ಕೊಟ್ಟರೆ ವೇಗ ಏರಿದ್ದು ನೂರಕ್ಕೆ 4ರಷ್ಟು. ವಿದ್ಯುತ್ತು ಏರಿದ್ದು ನೂರಕ್ಕೆ 23ರಷ್ಟು. ಚಿಪ್ ಬಿಸಿ ಆದಷ್ಟೂ ಕೆಲಸಕ್ಕೆ ಬಾರದೆ ಸೋರಿಹೋಗುವ ವಿದ್ಯುತ್ತು ಬೇರೆ ಜಾಸ್ತಿ ಆಗುತ್ತದೆ. ಚಳಿಗಾಲದಲ್ಲಿ ಈ 23ನ್ನು ಹೇಗೋ ಸಹಿಸಬಹುದು. ಈಗ ಎಲ್ಲಿಂದ ಸಹಿಸೋದು?

5000 ಸರಣಿಯ ರೈಜೆನ್‌ಗಳಲ್ಲಿ ಇದಕ್ಕೆ ಕರ್ವ್ ಆಪ್ಟಿಮೈಸರ್ ಅಂತ ಇದೆ. ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಎಂಬ ಲೆಕ್ಕ ಪ್ರೊಸೆಸರ್ ಒಳಗೇ ಬರೆದಿರುತ್ತದೆ. ಯಾವ ಚಿಪ್ಪೂ ತಪ್ಪಬಾರದು ಎಂದು ಸ್ವಲ್ಪ ಜಾಸ್ತಿಯೇ ಹಿಡಿದಿರುತ್ತಾರೆ. ಕರ್ವ್ ಆಪ್ಟಿಮೈಸರ್‌ನಲ್ಲಿ ಮೈನಸ್ ಹಾಕಿದರೆ ಆ ಲೆಕ್ಕ ಕೆಳಗೆ ಜರುಗುತ್ತದೆ. ಒಂದು ಅಂಕಿಗೆ 3ರಿಂದ 5 ಮಿಲಿವೋಲ್ಟ್. ಮೈನಸ್ 30ರವರೆಗೆ ಹೋಗಬಹುದು. ಎಲ್ಲ ಕೋರ್‌ಗೂ ಒಂದೇ ಅಂಕಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಚಿಪ್‌ನ ಅತ್ಯುತ್ತಮ ಕೋರ್‌ಗಳು ಮೊದಲೇ ಕಡಿಮೆ ವೋಲ್ಟೇಜ್‌ನಲ್ಲಿ ಬಿಗಿಯಾಗಿ ನಡೆಯುತ್ತಿರುತ್ತವೆ. ಅವುಗಳಲ್ಲಿ ಇಳಿಸಲು ಜಾಸ್ತಿ ಉಳಿದಿರುವುದಿಲ್ಲ. ಯಾವ ಕೋರ್ ಒಳ್ಳೆಯದು ಎಂಬ ಸಾಲು ಎಚ್‌ಡಬ್ಲ್ಯುಇನ್ಫೋದಲ್ಲೇ ಕಾಣುತ್ತದೆ. ಅದರಲ್ಲಿ ಮೊದಲ ಎರಡು ಕೋರ್‌ಗೆ ಮೈನಸ್ 10, ಉಳಿದವಕ್ಕೆ ಮೈನಸ್ 20 ಹಾಕಿದೆ. ಪಿಬಿಒದಲ್ಲಿ ಮಿತಿಯನ್ನು ನಮಗೆ ಬೇಕಾದಷ್ಟಕ್ಕೆ ಇಡಲೂ ಬರುತ್ತದೆ, ಅದನ್ನು ಕೈಯಿಂದಲೇ 115 ವ್ಯಾಟ್‌ಗೆ ಇಳಿಸಿದೆ.

ಎಕ್ಸ್‌ಪೋರ್ಟ್ ಮತ್ತೆ ಹಾಕಿದೆವು. 79 ಡಿಗ್ರಿ. ಎಲ್ಲ ಕೋರ್ 4.5ರ ಹತ್ತಿರ, ಗಟ್ಟಿಯಾಗಿ ನಿಂತಿತು. ಮಿತಿ ತೆಗೆದಾಗ 4.3ಕ್ಕೆ ಜಾರುತ್ತಿದ್ದ ಮಷೀನ್ 115 ವ್ಯಾಟ್‌ನಲ್ಲಿ ಅದಕ್ಕಿಂತ ಜೋರಾಗಿ ಓಡುತ್ತಿದೆ. ತಮ್ಮ ಪರದೆಗೆ ಹತ್ತಿರ ಬಂದು ನೋಡಿ, "ವ್ಯಾಟ್ ಕಮ್ಮಿ ಮಾಡಿದ್ರ ಸ್ಪೀಡ್ ಹೆಂಗ ಬಂತಣ್ಣಾ?" ಎಂದ. ನನಗೆ ತುಂಬಾ ಖುಷಿ ಆಯಿತು. ಈ ಕೆಲಸದಲ್ಲಿ ನನಗೆ ಇಷ್ಟ ಆಗುವುದೇ ಇದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ವೋಲ್ಟೇಜ್ ಅತಿಯಾಗಿ ಇಳಿಸಿದರೆ ಪರದೆ ಮೇಲೆ 4.5 ಎಂದೇ ತೋರಿಸುತ್ತದೆ, ಆದರೆ ಒಳಗೆ ಚಿಪ್ ಗಡಿಯಾರವನ್ನು ಎಳೆದು ನಿಧಾನ ಮಾಡಿಕೊಂಡಿರುತ್ತದೆ. ಅದಕ್ಕೆ ಬರೀ ಕೋರ್ ಕ್ಲಾಕ್ ನೋಡಬೇಡಿ. ಎಫೆಕ್ಟಿವ್ ಕ್ಲಾಕ್ ಎಂಬ ಇನ್ನೊಂದು ಸಾಲು ಇರುತ್ತದೆ. ಪೂರ್ತಿ ಕೆಲಸದಲ್ಲಿರುವಾಗ ಎರಡೂ ಹತ್ತಿರ ಹತ್ತಿರ ಇರಬೇಕು. ಎಕ್ಸ್‌ಪೋರ್ಟ್ ಎಷ್ಟು ನಿಮಿಷಕ್ಕೆ ಮುಗಿಯಿತು ಎಂದೂ ನೋಡಬೇಕು. ನಮ್ಮದರಲ್ಲಿ ಸರಿ ಇತ್ತು. ತಾಪಮಾನ ನೋಡುವ ಸಾಫ್ಟ್‌ವೇರ್ ಒಂದೇ ಇರಲಿ. ಎರಡು ಮೂರು ಒಟ್ಟಿಗೆ ತೆರೆದರೆ ಒಂದೇ ಸೆನ್ಸರ್‌ಗೆ ಜಗಳ ಆಡಿ ತಪ್ಪು ಅಂಕಿ ಕೊಡುತ್ತವೆ.

ಬ್ರೌಸರ್ ತೆರೆದರೆ ಸಾಕು, ಫ್ಯಾನ್ ಒಮ್ಮೆಲೆ ಕೂಗುತ್ತದೆ ಎಂಬುದು ಅವನ ಇನ್ನೊಂದು ದೂರು. ರೈಜೆನ್‌ನಲ್ಲಿ ಅದು ಸಹಜ. ಒಂದು ಕೋರ್ ಕ್ಷಣಕ್ಕೆ ಬೂಸ್ಟ್ ಆದರೂ ತಾಪಮಾನ ಹತ್ತು ಡಿಗ್ರಿ ನೆಗೆಯುತ್ತದೆ. ಫ್ಯಾನ್ ತಡವಾಗಿ ಸ್ಪಂದಿಸುವಂತೆ ಬಯೋಸ್‌ನಲ್ಲಿ ಕೆಲವು ಸೆಕೆಂಡ್ ಹಾಕಿದೆ. ಸದ್ದು ನಿಂತಿತು.

ಕೋಣೆಯ ಕೂಲರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮಲ್ಲಿ ಎಸಿಗಿಂತ ನೀರಿನ ಕೂಲರೇ ಜಾಸ್ತಿ. ನಮ್ಮ ಬೇಸಿಗೆ ಒಣ ಬೇಸಿಗೆ, ಅದಕ್ಕೇ ಅದು ಇಲ್ಲಿ ಚೆನ್ನಾಗಿ ನಡೆಯುತ್ತದೆ. ಕಿಟಕಿ ತೆರೆದಿಟ್ಟು ಹಚ್ಚಿದಾಗ ಕೋಣೆ 36ರಿಂದ 31ಕ್ಕೆ ಇಳಿಯಿತು. ಪ್ರೊಸೆಸರ್ ಕೂಡ ಅಷ್ಟೇ ಇಳಿದು 74 ಆಯಿತು. ಐದಕ್ಕೆ ಐದು. ಆದರೆ ತಮ್ಮ ಕೂಲರ್ ಬಾಯಿಯನ್ನು ನೇರ ಕ್ಯಾಬಿನೆಟ್ ಕಡೆಗೇ ತಿರುಗಿಸಿದ್ದ. ಕೂಡಲೇ ಸರಿಸಿದೆ. ಗಾಳಿ ಜೊತೆ ಸಣ್ಣ ಹನಿ ಬರುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಹನಿ ಒಣಗಿದ ಜಾಗದಲ್ಲಿ ಬಿಳಿ ಉಪ್ಪು ಉಳಿಯುತ್ತದೆ. ಅದರ ಮೇಲೆ ಧೂಳು ಕೂತು ತೇವ ಹಿಡಿದರೆ ಬೋರ್ಡ್‌ಗೆ ಒಳ್ಳೆಯದಲ್ಲ. ಕೂಲರ್ ಕೋಣೆಯನ್ನು ತಣ್ಣಗೆ ಮಾಡಲಿ, ಮಷೀನ್‌ಗೆ ನೇರ ಊದುವುದು ಬೇಡ.

ಹೊತ್ತೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ದೊಡ್ಡ ಎಕ್ಸ್‌ಪೋರ್ಟ್‌ಗಳನ್ನು ಅದಕ್ಕೂ ಮೊದಲೇ, ಬೆಳಗಿನ ಜಾವ ಹಾಕು ಎಂದೆ. ರಾತ್ರಿ ಹತ್ತರ ಹೊತ್ತಿಗೂ ನಮ್ಮ ಸ್ಲ್ಯಾಬ್ ಬಿಸಿ ಬಿಡುತ್ತಲೇ ಇರುತ್ತದೆ. ಕೋಣೆ ನಿಜವಾಗಿ ತಣ್ಣಗಾಗುವುದು ನಾಲ್ಕು ಗಂಟೆ ಮೇಲೆ.

ಕೆಲಸ ಪೂರ್ತಿ ಮುಗಿದಿಲ್ಲ. ವೋಲ್ಟೇಜ್ ಇಳಿಸಿದ ಚಿಪ್ ಪ್ರೈಮ್95ರಂಥ ಭಾರಿ ಕೆಲಸದಲ್ಲಿ ಗಟ್ಟಿ ನಿಲ್ಲಬಹುದು, ಸುಮ್ನೆ ಕೂತಾಗ ತಟಕ್ಕನೆ ರೀಬೂಟ್ ಆಗಬಹುದು. ಯಾಕೆಂದರೆ ಒಂದೇ ಕೋರ್ ಅತಿ ಎತ್ತರದ ವೇಗಕ್ಕೆ ಹೋಗುವುದು ಹಗುರ ಕೆಲಸದಲ್ಲೇ. ಅಲ್ಲೇ ವೋಲ್ಟೇಜ್ ಸಾಲದೆ ಬರುವುದು. ಇದಕ್ಕೆ ಕೋರ್‌ಸೈಕ್ಲರ್ ಎಂಬ ಉಚಿತ ಸಾಧನ ಇದೆ. ಒಂದೊಂದೇ ಕೋರ್ ಮೇಲೆ ಪ್ರೈಮ್95 ಓಡಿಸಿ ನೋಡುತ್ತದೆ. ಇವತ್ತಿನ ಎಕ್ಸ್‌ಪೋರ್ಟ್ ಎಲ್ಲ ಮುಗಿದ ಮೇಲೆ ಅದನ್ನು ಹಚ್ಚಿ ಬಂದಿದ್ದೇನೆ, ರಾತ್ರಿಯಿಡೀ ನಡೆಯುತ್ತದೆ. ನಾಳೆ ದೋಷ ತೋರಿಸಿದ ಕೋರ್ ಇದ್ದರೆ ಅದಕ್ಕೆ ಐದು ಅಂಕಿ ವಾಪಸ್ ಕೊಡಬೇಕು. ಮಷೀನ್ ರೀಬೂಟ್ ಆಗಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ (ಮಷೀನ್‌ನಲ್ಲಿ ಆದದ್ದನ್ನೆಲ್ಲ ಬರೆದಿಡುವ ಜಾಗ) ವೀಯಾ ಲಾಗರ್ (WHEA-Logger) 18 ಎಂಬ ಹಾರ್ಡ್‌ವೇರ್ ದೋಷದ ದಾಖಲೆ ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿನ ಎಪಿಐಸಿ (APIC ID) ಸಂಖ್ಯೆ ಥ್ರೆಡ್‌ನ ಗುರುತು, ಅದನ್ನು ಎರಡರಿಂದ ಭಾಗಿಸಿ ಶೇಷ ಬಿಟ್ಟರೆ ಯಾವ ಕೋರ್ ಎಂದು (ಸೊನ್ನೆಯಿಂದ ಎಣಿಸಿ) ಸಿಗುತ್ತದೆ. ಕರೆಂಟ್ ಹೋಗಿ ಬಂದು ಆದ ರೀಬೂಟ್‌ಗೆ ಈ ದಾಖಲೆ ಇರುವುದಿಲ್ಲ, ಹಾಗಾಗಿ ಎರಡನ್ನೂ ಬೇರೆ ಮಾಡಿ ಗುರುತಿಸಬಹುದು.

ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಟ್ಟಿದ್ದೇನೆ. ಒಂದಕ್ಕೆ ಬೇಸಿಗೆ ಎಂದು ಹೆಸರು, 115 ವ್ಯಾಟ್. ಇನ್ನೊಂದು ಚಳಿಗಾಲದ್ದು, 142 ವ್ಯಾಟ್. ಮಿತಿ ತೆಗೆದ ಹಳೆಯ ಸೆಟ್ಟಿಂಗನ್ನು ಅಳಿಸಿಬಿಟ್ಟೆ. ಪಿಬಿಒದಿಂದ ಚಿಪ್‌ಗೆ ಏನಾದರೂ ಆದರೆ ಎಎಂಡಿ ವಾರಂಟಿ ಕೊಡುವುದಿಲ್ಲ ಎಂಬುದನ್ನೂ ತಮ್ಮನಿಗೆ ಹೇಳಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಾಳಿ ಒದ್ದೆಯಾಗುತ್ತದೆ, ಕೂಲರ್ ಅಷ್ಟು ಕೆಲಸ ಮಾಡುವುದಿಲ್ಲ. ಆಗ ಕೋಣೆ ಎಷ್ಟು, ಪ್ರೊಸೆಸರ್ ಎಷ್ಟು ಎಂದು ಇನ್ನೊಮ್ಮೆ ಅಳೆದು ಇಲ್ಲೇ ಬರೆಯುತ್ತೇನೆ.