ಈ ಕಾಲದಲ್ಲೂ ಹೆಕ್ಸ್ ಯಾಕೆ ಓದ್ತೀರಿ?

ನಮ್ಮ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರಿ ಕಂಪ್ಯೂಟರ್) ತಂಡಕ್ಕೆ ಹೊಸದಾಗಿ ಬಂದವರು ಮೊದಲ ಡಂಪ್ (ಮೆಮೊರಿಯಲ್ಲಿ ಇದ್ದದ್ದನ್ನು ಹೆಕ್ಸ್, ಅಂದರೆ 0–9, ಎ–ಎಫ್ ಎಂಬ ಹದಿನಾರರ ಲೆಕ್ಕದ ಅಂಕಿಗಳಲ್ಲಿ ಸುರಿದದ್ದು) ಕಂಡ ದಿನವೇ ಕೇಳುವ ಪ್ರಶ್ನೆ ಇದು. “ಮೇನ್‌ಫ್ರೇಮ್ ಡಿಬಗರ್ ಇನ್ನೂ ಈ ಅಂಕಿಗಳ ಗೋಡೆಯನ್ನೇ ಯಾಕೆ ತೋರಿಸ್ಬೇಕು? ಫೀಲ್ಡ್ ಹೆಸರು, ವ್ಯಾಲ್ಯೂ ತೋರಿಸಿದ್ರೆ ಸಾಲ್ದಾ?”

ಡಿಬಗರ್ ಅಂದರೆ ಪ್ರೋಗ್ರಾಂನ ತಪ್ಪು ಹುಡುಕುವ ಟೂಲ್. ಹೆಸರು, ವ್ಯಾಲ್ಯೂ ತೋರಿಸಲಿ, ಬೇಡ ಅಂದವರ್ಯಾರು? ಆದರೆ ವ್ಯಾಲ್ಯೂ ತೋರಿಸುವ ಭರದಲ್ಲಿ ಬೈಟ್‌ಗಳನ್ನು ಬಚ್ಚಿಡಬಾರದು. ನನ್ನ ತಕರಾರು ಅಷ್ಟೇ.

ಒಂದು ರಾತ್ರಿ ಬ್ಯಾಚ್ ಜಾಬ್ ಎಸ್0ಸಿ7 ಎಂಬ ಎರರ್ ಕೋಡ್ ಹೊಡೆದು ಬಿತ್ತು. ಡೇಟಾ ಎಕ್ಸೆಪ್ಷನ್, ಅಂದರೆ ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆಯಲ್ಲದ್ದು; ಬಾಯಿಮಾತಿನಲ್ಲಿ ‘ಸಾಕ್ ಸೆವೆನ್’. (ರಾತ್ರಿ ಎರಡು ಗಂಟೆಗೆ ಅದು ನಮ್ಮ ಕನ್ನಡದ ‘ಸಾಕ್’ ಥರಾನೇ ಕೇಳಿಸುತ್ತದೆ.) ಡಿಬಗರ್ ತೆರೆದರೆ ಮೊತ್ತದ ಫೀಲ್ಡ್ ಎದುರು ಸೊನ್ನೆ ಇತ್ತು. ಸೊನ್ನೆಗೆ ಕೂಡಿದರೆ ಪ್ರೋಗ್ರಾಂ ಯಾಕೆ ಸಾಯುತ್ತದೆ? ಎರಡು ಗಂಟೆ ಬೇರೆ ಕಡೆಯೆಲ್ಲ ತಡಕಾಡಿದೆ. ಕೊನೆಗೆ ಹೆಕ್ಸ್‌ಗೆ ಬದಲಾಯಿಸಿದಾಗ ಅಲ್ಲಿದ್ದದ್ದು 40 40 40.

ಹಳೆಯ ಪ್ರೋಗ್ರಾಮಿಂಗ್ ಭಾಷೆ ಕೋಬಾಲ್‌ನ ಕಾಂಪ್-3, ಅಂದರೆ ಪ್ಯಾಕ್ಡ್ ಡೆಸಿಮಲ್, ಒಂದು ಬೈಟ್‌ನಲ್ಲಿ ಎರಡು ಅಂಕಿ ಇಡುತ್ತದೆ. ಕೊನೆಯ ಅರ್ಧ ಬೈಟ್ ಚಿಹ್ನೆಗೆ ಮೀಸಲು: ಸಿ ಇದ್ದರೆ ಪ್ಲಸ್, ಡಿ ಇದ್ದರೆ ಮೈನಸ್. 12345 ಅನ್ನುವುದು 12 34 5ಸಿ ಎಂದು ಮೂರು ಬೈಟ್‌ನಲ್ಲಿ ಕೂರುತ್ತದೆ. 40 ಅಂದರೆ ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಖಾಲಿ ಜಾಗ, ಸ್ಪೇಸ್. ಮೂರು ಸ್ಪೇಸ್ ಬಂದು ಕೂತರೆ ಚಿಹ್ನೆಯ ಜಾಗದಲ್ಲಿ 0 ಸಿಗುತ್ತದೆ. ಅದು ಚಿಹ್ನೆಯೇ ಅಲ್ಲ, ಯಂತ್ರ ಒಪ್ಪುವುದಿಲ್ಲ. ಯಾರೋ ಇಡೀ ರೆಕಾರ್ಡ್‌ಗೆ ‘ಮೂವ್ ಸ್ಪೇಸಸ್’ ಬರೆದು ಕೈತೊಳೆದುಕೊಂಡಿದ್ದರು. ಗ್ರೂಪ್ ಮಟ್ಟದಲ್ಲಿ ಹಾಗೆ ಮಾಡಿದರೆ ಒಳಗಿನ ಫೀಲ್ಡ್ ಯಾವ ಜಾತಿಯದೆಂದು ಕೋಬಾಲ್ ನೋಡುವುದಿಲ್ಲ.

ಹಾಗಾಗಿ ನನಗೆ ಬೇಕಾದ ಡಿಸ್‌ಪ್ಲೇ ಹೀಗಿರಬೇಕು: ಹೆಸರು, ಅದರ ವ್ಯಾಲ್ಯೂ, ಪಕ್ಕದಲ್ಲೇ ಅದೇ ಬೈಟ್‌ಗಳು, ಒಂದೇ ಸಾಲಿನಲ್ಲಿ. ಪ್ಯಾಕ್ಡ್ ಕೆಟ್ಟಿದ್ದರೆ ಸೊನ್ನೆ ಹಾಕಿ ಮರ್ಯಾದೆ ಉಳಿಸುವ ಸೌಜನ್ಯ ಬೇಡ, ‘ಇದು ಕೆಟ್ಟಿದೆ’ ಎಂದು ಕೆಂಪಿನಲ್ಲಿ ಒದರಲಿ.

ಇನ್ನು ಡಂಪ್‌ನ ಎಡಗಡೆಯ ಅಡ್ರೆಸ್ ಕಾಲಂ. ಅಡ್ರೆಸ್ ಪ್ರತಿ ರನ್‌ಗೂ ಬದಲಾಗಬಹುದು. ನನಗೆ ಬೇಕಾದ್ದು ರೆಕಾರ್ಡ್ ಶುರುವಿನಿಂದ ಎಷ್ಟು ದೂರ, ಅಂದರೆ ಆಫ್‌ಸೆಟ್. ಫೈಲ್ ಲೇಔಟ್ ‘47ನೇ ಕಾಲಂ’ ಅನ್ನುತ್ತದೆ; ಡಂಪ್‌ನಲ್ಲಿ ಅದು 2ಇ. ಅಲ್ಲಿ ಒಂದರಿಂದ ಎಣಿಕೆ, ಇಲ್ಲಿ ಸೊನ್ನೆಯಿಂದ. ಅಲ್ಲಿ ದಶಮಾನ, ಇಲ್ಲಿ ಹದಿನಾರು. ಈ ಲೆಕ್ಕವನ್ನು ಎಷ್ಟು ಜನ ಎಷ್ಟು ಚೀಟಿಗಳ ಮೇಲೆ ಮಾಡಿದ್ದಾರೋ! ಟೂಲ್‌ಗೆ ಇದು ಒಂದು ಕಳೆಯುವ ಕೆಲಸ. ಎರಡನ್ನೂ ತೋರಿಸಿಬಿಡಲಿ.

ಬಲಗಡೆ ಅಕ್ಷರಗಳ ಕಾಲಂ ಇರುತ್ತದಲ್ಲ, ಅದರ ಪಾಡು ಬೇರೆ. ಪಿಸಿಯಲ್ಲಿ ಓಡುವ ಹೊಸ ಟೂಲ್‌ಗಳಲ್ಲಿ ಕೆಲವು ಬೈಟ್‌ಗಳನ್ನು ಆಸ್ಕಿ (ಪಿಸಿಗಳ ಅಕ್ಷರ ಸಂಕೇತ) ಎಂದೇ ನಂಬಿಬಿಡುತ್ತವೆ. ಆಸ್ಕಿಯಲ್ಲಿ 40 ಅಂದರೆ ಇಮೇಲ್‌ನ ‘ಅಟ್’ ಗುರುತು. ಖಾಲಿ ರೆಕಾರ್ಡ್ ತೆರೆದರೆ ಪರದೆ ತುಂಬ ಅದೇ ಗುರುತಿನ ಸಾಲು! ಹಾಗಂತ ಎಬ್ಸಿಡಿಕ್ ಒಂದೇ ಸಾಕು ಅನ್ನುವ ಹಾಗೂ ಇಲ್ಲ. ಈಗ ಅದೇ ಯಂತ್ರದಲ್ಲಿ ಜಾವಾ ಓಡುತ್ತದೆ, ಯುಟಿಎಫ್-8 ಎಂಬ ಇನ್ನೊಂದು ಸಂಕೇತದ ಸಂದೇಶಗಳು ಬಂದು ಬೀಳುತ್ತವೆ. ಇಡೀ ಪರದೆಗೆ ಒಂದೇ ಸ್ವಿಚ್ ಕೊಡುವ ಬದಲು, ಆಯ್ದ ಭಾಗಕ್ಕೆ ಮಾತ್ರ ಕೋಡ್ ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಪಟ್ಟಿ) ಬದಲಾಯಿಸುವಂತಿರಬೇಕು.

ಪಾಯಿಂಟರ್ (ಮೆಮೊರಿಯ ಇನ್ನೊಂದು ಜಾಗದ ಅಡ್ರೆಸ್ ಇಟ್ಟುಕೊಂಡ ಫೀಲ್ಡ್) ಹಿಂಬಾಲಿಸುವುದರಲ್ಲೂ ಎಡವಟ್ಟಿದೆ. 31 ಬಿಟ್ ಅಡ್ರೆಸ್ ಕೂರುವ 32 ಬಿಟ್‌ಗಳಲ್ಲಿ ಮೊದಲ ಬಿಟ್ ಅಡ್ರೆಸ್‌ಗೆ ಸೇರಿದ್ದಲ್ಲ. ಪ್ಯಾರಾಮೀಟರ್ ಪಟ್ಟಿಯ ಕೊನೆಯದು ಎಂದು ತಿಳಿಸಲು ಅದನ್ನು ಆನ್ ಮಾಡಿರುತ್ತಾರೆ. 80012340 ಎಂದು ಕಂಡರೆ ಹೋಗಬೇಕಾದ್ದು 00012340ಕ್ಕೆ. ಇದು ಗೊತ್ತಿಲ್ಲದ ಟೂಲ್ ಕ್ಲಿಕ್ ಮಾಡಿದ ಕೂಡಲೇ ‘ಸ್ಟೋರೇಜ್ ಲಭ್ಯವಿಲ್ಲ’ ಎಂದು ಕೈ ಚೆಲ್ಲುತ್ತದೆ.

ಹಳೆಯದೆಲ್ಲ ಕೆಟ್ಟದ್ದೂ ಅಲ್ಲ. ಮೇನ್‌ಫ್ರೇಮ್‌ನ ಐಎಸ್‌ಪಿಎಫ್ ಎಡಿಟರ್‌ನಲ್ಲಿ ‘ಹೆಕ್ಸ್ ಆನ್’ ಕೊಟ್ಟರೆ ಪ್ರತಿ ಅಕ್ಷರದ ಕೆಳಗೆ ಅದರ ಎರಡು ಹೆಕ್ಸ್ ಅಂಕಿ ಒಂದರಡಿ ಒಂದು ನಿಲ್ಲುತ್ತವೆ. ‘5’ ಎಂಬ ಅಕ್ಷರದ ಕೆಳಗೆ ಎಫ್, ಅದರ ಕೆಳಗೆ 5. ಕಣ್ಣು ಅಡ್ಡಡ್ಡ ಓಡಬೇಕಿಲ್ಲ, ಕಾಲಂ ತಪ್ಪುವುದಿಲ್ಲ. 80 ಕಾಲಂನ ಹಸಿರು ಪರದೆಗೆ ಇಷ್ಟು ಹೊಳೆದದ್ದು, ಅಷ್ಟಗಲದ ಮಾನಿಟರ್ ಇಟ್ಟುಕೊಂಡವರಿಗೆ ಯಾಕೆ ಹೊಳೆಯಲಿಲ್ಲವೋ.

ಹಾಂ, ಇನ್ನೊಂದು. ಮೆಮೊರಿ ವ್ಯೂನಿಂದ ಕಾಪಿ ಮಾಡಿದರೆ ಆಫ್‌ಸೆಟ್, ಹೆಕ್ಸ್, ಅಕ್ಷರ ಮೂರೂ ಪಠ್ಯವಾಗಿಯೇ ಬರಬೇಕು. ನನಗೆ ಬರುವ ಮೇಲ್‌ಗಳಲ್ಲಿ ಡಂಪ್ ಅಂದರೆ ಸ್ಕ್ರೀನ್‌ಶಾಟ್, ಅದೂ ಬೇಕಾದ ಸಾಲಿಗಿಂತ ಒಂದು ಸಾಲು ಮೇಲಕ್ಕೇ ಕತ್ತರಿಸಿದ್ದು.