ರೋರ್ಕ್ಸ್ ಡ್ರಿಫ್ಟ್‌ಗೆ ಹೋಗುವವರು ಯುದ್ಧದ ಟೂರ್ ಹಿಡಿಯಬೇಡಿ

ದಕ್ಷಿಣ ಆಫ್ರಿಕಾದ ರೋರ್ಕ್ಸ್ ಡ್ರಿಫ್ಟ್ ಅಂದರೆ ಎಲ್ಲರೂ ಹೇಳುವುದು 1879ರಲ್ಲಿ ಬ್ರಿಟಿಷರಿಗೂ ಜುಲು ಜನರಿಗೂ ನಡೆದ ಯುದ್ಧದ ಕಥೆ. ನಾನು ಹೋಗಿದ್ದು ಅದಕ್ಕಲ್ಲ. ಯುದ್ಧ ನಡೆದ ಜಾಗದ ಪಕ್ಕದಲ್ಲೇ ಲೂಥರನ್ ಚರ್ಚಿನ ಕಲಾ ಕೇಂದ್ರ ಇದೆ. ವರ್ಣಭೇದ ನೀತಿಯ ಕಾಲದಲ್ಲಿ ಕಪ್ಪು ಹುಡುಗರಿಗೆ, ಹುಡುಗಿಯರಿಗೆ ಕಲಾಶಾಲೆಗಳ ಬಾಗಿಲು ಮುಚ್ಚಿತ್ತು. ಅಂಥವರು ದೂರದೂರದಿಂದ ಬಂದು ಲಿನೋ ಕಟ್, ಅಂದರೆ ಹಾಳೆಯಲ್ಲಿ ಚಿತ್ರ ಕೆತ್ತಿ ಅಚ್ಚು ಹಾಕುವ ಕಲೆ, ಕಲಿತ ಜಾಗ ಇದು.

ಡಂಡಿ ಪಟ್ಟಣದಲ್ಲಿ ನಾನು ಉಳಿದಿದ್ದ ಲಾಡ್ಜ್‌ನವರು ಒಂದು ಟೂರ್ ಗೊತ್ತು ಮಾಡಿಕೊಟ್ಟರು. ಕಲಾ ಕೇಂದ್ರಕ್ಕೆ ಬೇಕಾದಷ್ಟು ಸಮಯ ಕೊಡುತ್ತೇವೆ ಎಂದು ಹೇಳಿ ಪೂರ್ತಿ ದುಡ್ಡು ಮೊದಲೇ ಕಿತ್ತುಕೊಂಡರು. ಗೈಡ್ ಅರ್ಧ ದಿನ ಬರೀ ಬಂದೂಕು, ಕಲ್ಲಿನ ಗೋಡೆ, ಬ್ರಿಟಿಷರಿಗೆ ಸಿಕ್ಕ 11 ವಿಕ್ಟೋರಿಯಾ ಕ್ರಾಸ್ ಶೌರ್ಯ ಪದಕ ಅಂತಲೇ ಮಾತಾಡಿದ. ಕೇಂದ್ರದ ಮುಂದೆ ವ್ಯಾನ್ ನಿಲ್ಲಿಸಿ, "ಹತ್ತು ನಿಮಿಷ, ಅಂಗಡಿ ನೋಡಿ ಬನ್ನಿ" ಎಂದ. ನನಗೆ ಈಗಲೂ ಸಿಟ್ಟಿದೆ. ಮರುದಿನ ಬಾಡಿಗೆ ಕಾರು ಮಾಡಿಕೊಂಡು ಮತ್ತೆ ಹೋದೆ. ನೀವು ಮೊದಲೇ ಹಾಗೆ ಮಾಡಿ. ಡಂಡಿಯಿಂದ 45 ಕಿ.ಮೀ. ಒಳಗೇ ಇದೆ. ಮಿನಿಬಸ್ ಟ್ಯಾಕ್ಸಿ ಅಗ್ಗ ನಿಜ, ಆದರೆ ಸೀಟು ತುಂಬುವ ತನಕ ಹೊರಡುವುದಿಲ್ಲ. ಬಿಸಿಲಲ್ಲಿ ಕಾಯುವ ತಾಳ್ಮೆ ನನಗಂತೂ ಇಲ್ಲ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಕೇಂದ್ರದಲ್ಲಿ ಲಲಿತಕಲೆಯ ತರಗತಿ 1982ಕ್ಕೇ ನಿಂತುಹೋಯಿತು. ಈಗ ಕಾಣುವುದು ಹೆಚ್ಚಾಗಿ ಮಗ್ಗ, ಮಡಿಕೆ, ಬಟ್ಟೆಯ ಮೇಲಿನ ಅಚ್ಚು. ಅದೂ ಚೆನ್ನಾಗಿದೆ, ಆದರೆ ಹಳೆಯ ಪ್ರಿಂಟ್ ನೋಡಲೆಂದೇ ಹೋದವರಿಗೆ ನಿರಾಸೆ ಆಗುತ್ತದೆ. ಆದ್ದರಿಂದ ಡರ್ಬನ್‌ನಿಂದ ಬರುವಾಗ ಪೀಟರ್‌ಮಾರಿಟ್ಸ್‌ಬರ್ಗ್‌ನ ಟ್ಯಾಥಮ್ ಆರ್ಟ್ ಗ್ಯಾಲರಿಗೆ ಮೊದಲು ಹೋಗಿ. ಕೇಂದ್ರದ ಹಳೆಯ ಪ್ರಿಂಟ್‌ಗಳು ಅಲ್ಲಿವೆ, ಆದರೆ ಎಲ್ಲವನ್ನೂ ಗೋಡೆಗೆ ಹಾಕಿರುವುದಿಲ್ಲ. ಯಾವುದು ನೋಡಬೇಕು ಅಂತ ಮುಂಚೆಯೇ ಇಮೇಲ್ ಮಾಡಿ ಕೇಳಿ.

ಇಲ್ಲಿ ಕಲಿತ ಕಲಾವಿದರಲ್ಲಿ ಅಜಾರಿಯಾ ಎಂಬಾಥಾ ಮತ್ತು ಜಾನ್ ಮುವಾಫಾಂಗೆಜೊ, ಈ ಎರಡು ಹೆಸರು ನೆನಪಿಟ್ಟುಕೊಳ್ಳಿ. ಎಂಬಾಥಾ ಕ್ಷಯ ಬಂದು ಮಿಷನ್ ಆಸ್ಪತ್ರೆಯಲ್ಲಿ ಮಲಗಿದ್ದವರು. ಸ್ವೀಡನ್‌ನಿಂದ ಬಂದಿದ್ದ ಪೇಡರ್ ಗೊವೇನಿಯಸ್ ಅಲ್ಲಿ ಅವರಿಗೆ ಲಿನೋ ಕೆತ್ತುವುದು ಕಲಿಸಿದರು. ಬೈಬಲ್ ಕಥೆಗಳನ್ನು ಎಂಬಾಥಾ ಆಫ್ರಿಕಾದ ಜನರ ಮುಖಗಳಲ್ಲಿ ಕೆತ್ತಿದರು. ನಮೀಬಿಯಾ ಕಡೆಯಿಂದ ಬಂದ ಮುವಾಫಾಂಗೆಜೊ ಚಿತ್ರದೊಳಗೇ ವಾಕ್ಯಗಳನ್ನು ಬರೆಯುತ್ತಿದ್ದರು. 1981ರಲ್ಲಿ ಅವರು ಇದೇ ರೋರ್ಕ್ಸ್ ಡ್ರಿಫ್ಟ್ ಯುದ್ಧವನ್ನೂ ಕೆತ್ತಿದ್ದಾರೆ. ನಮ್ಮ ಗೈಡ್ ಅದರ ಹೆಸರನ್ನೂ ಎತ್ತಲಿಲ್ಲ.

ಲಿನೋ ಅಂದರೆ ನೆಲಕ್ಕೆ ಹಾಸುವ ಹಾಳೆ. ಬೇಡದ್ದನ್ನು ಕೆತ್ತಿ ತೆಗೆದು, ಉಳಿದದ್ದಕ್ಕೆ ರೋಲರಿನಲ್ಲಿ ಮಸಿ ಹಚ್ಚಿ, ಮೇಲೆ ಕಾಗದ ಇಟ್ಟು ಚಮಚದ ಹಿಂಭಾಗದಿಂದ ಉಜ್ಜಿದರೂ ಚಿತ್ರ ಮೂಡುತ್ತದೆ. ದೊಡ್ಡ ಯಂತ್ರ ಬೇಕಿಲ್ಲ. ದುಡ್ಡಿಲ್ಲದವರೂ ಮನೆಯಲ್ಲೇ ಮಾಡಬಹುದು, ಒಂದೇ ಚಿತ್ರ ಹತ್ತಾರು ಜನರ ಕೈ ಸೇರುತ್ತದೆ. ಇಲ್ಲಿ ಕಲಿತವರು ತಮ್ಮೂರಿಗೆ ಹೋಗಿ ಇನ್ನೊಬ್ಬರಿಗೆ ಕಲಿಸಿದರು. ವರ್ಣಭೇದದ ವಿರುದ್ಧ ಹೋರಾಡಿ ರಾಬನ್ ದ್ವೀಪದಲ್ಲಿ 7 ವರ್ಷ ಜೈಲಿನಲ್ಲಿದ್ದ ಲಯೊನೆಲ್ ಡೇವಿಸ್ ಕೂಡ ಇಲ್ಲಿ ಕಲಿತರು, ಕೇಪ್‌ಟೌನ್‌ನ ಕಮ್ಯುನಿಟಿ ಆರ್ಟ್ಸ್ ಪ್ರಾಜೆಕ್ಟ್‌ನಲ್ಲಿ ಕಲಿಸಿದರು. ಈ ಹಂಚಿಕೊಳ್ಳುವ ಗುಣವೇ ನನ್ನನ್ನು ಅಷ್ಟು ದೂರ ಎಳೆದದ್ದು.

ಊಟದ ಚಿಂತೆ ಬೇಡ. ಡಂಡಿಯ ಒಂದು ಸಣ್ಣ ಅಂಗಡಿಯಲ್ಲಿ ಬೀನ್ಸ್ ಬನಿ ಚೌ ತಿಂದೆ. ಕಾಲು ಬ್ರೆಡ್ಡಿನ ಒಳಗಿನ ಮೆತ್ತನೆಯ ಭಾಗ ತೆಗೆದು, ಅಲ್ಲಿ ಬಿಸಿಬಿಸಿ ಬೀನ್ಸ್ ಪಲ್ಯ ಸುರಿಯುತ್ತಾರೆ. ಖಾರ ಸರಿಯಾಗಿತ್ತು. ಪಕ್ಕದಲ್ಲಿ ತುರಿದ ಕ್ಯಾರೆಟ್, ಈರುಳ್ಳಿ, ಹಸಿಮೆಣಸು. ತೆಗೆದ ಬ್ರೆಡ್ಡನ್ನೇ ಅದ್ದಿ ಕೈಯಲ್ಲೇ ತಿನ್ನಬೇಕು, ಕೊನೆಗೆ ರಸ ಹೀರಿದ ತಳದ ಬ್ರೆಡ್ಡು ಇದೆಯಲ್ಲ, ಅದೇ ಎಲ್ಲಕ್ಕಿಂತ ರುಚಿ. ಲಾಡ್ಜಿನ ತಣ್ಣನೆ ತಿಂಡಿಯ ಅರ್ಧ ಬೆಲೆಗೂ ಕಡಿಮೆ. ಅಂಗಡಿಯ ಅಮ್ಮ ಇನ್ನೊಂದು ಸೌಟು ಪಲ್ಯ ಸುಮ್ನೆ ಹಾಕಿಕೊಟ್ಟರು. ಸಸ್ಯಾಹಾರಿಗಳು ಧೈರ್ಯವಾಗಿ ಹೋಗಿ.

ವಾರದ ದಿನ ಬೆಳಿಗ್ಗೆ ಹೋದರೆ ಮಗ್ಗದ ಹತ್ತಿರ ಕೂತು ಮಾತಾಡಬಹುದು. ಹೊರಡುವ ಮುಂಚೆ ಫೋನ್ ಮಾಡಿ, ನಗದು ಇಟ್ಟುಕೊಳ್ಳಿ. ಜನವರಿ 22ರ ಆಸುಪಾಸು ಮಾತ್ರ ಬೇಡ. ಯುದ್ಧದ ನೆನಪಿಗೆ ಜನ ಸೇರುತ್ತಾರೆ, ರೂಮಿನ ಬಾಡಿಗೆ ಜಾಸ್ತಿ, ಮಳೆಗಾಲವೂ ಹೌದು.